ಅಕ್ಕನ ಕೆನ್ನೆ

ಮಾರ್ಚ್ 3
ಅದೇ ಕೆಲಸ. ಮಿದುಳಿನ ಹಳೇ ಸ್ಕ್ಯಾನ್ ಮೇಲೆ ಹೊಸ ಸ್ಕ್ಯಾನ್ ಕೂರಿಸು, ಒಂದರಲ್ಲಿ ಇನ್ನೊಂದನ್ನು ಕಳೆ. ಬದಲಾಗದ ಜಾಗ ಬೂದು, ಬದಲಾದದ್ದು ಬಿಳಿ. ಮಧ್ಯಾಹ್ನ ಬಂದ ಫೈಲ್ ಅಕ್ಕನದು. ನಮ್ಮವರ ಫೈಲ್ ನಾವು ಮುಟ್ಟುವ ಹಾಗಿಲ್ಲ. ಸೀನಿಯರ್‌ಗೆ ಕೊಟ್ಟೆ. ಆಪರೇಷನ್‌ನಲ್ಲಿ ತೆಗೆಯಲಾಗದೆ ಉಳಿದ ಗಡ್ಡೆಯ ಚೂರು... ಅವರ ಪರದೆಯಲ್ಲಿ ಅದರ ಅಂಚಿಗೆ ಬಿಳಿ ಗೆರೆ.

ಮಾರ್ಚ್ 4
ಡಾಕ್ಟರ್ ಹೇಳಿಬಿಟ್ಟರು: "ಬೆಳೆದಿರೋ ಹಾಗಿದೆ. ಇನ್ನೊಂದು ಆಪರೇಷನ್ ಬೇಕಾಗ್ಬಹುದು. ಶುಕ್ರವಾರ ತೀರ್ಮಾನ ಮಾಡೋಣ."
"ಮತ್ತೆ ಬೋಳು ತಲೆನಾ? ಈಗಷ್ಟೇ ಹೊಸ ಬಾಚಣಿಗೆ ತಗೊಂಡೆ," ಅಂದಳು ಅಕ್ಕ. ಭಾವ ನಗಲಿಲ್ಲ. ನನಗೆ ಭಯ. ಬಹಳ ಭಯ.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ 7
ಅಕ್ಕ ಕನ್ನಡಿ ಮುಂದೆ. "ನೋಡೇ, ಸ್ಟೆರಾಯ್ಡ್ ಮಾತ್ರೆ ನುಂಗಿ ನುಂಗಿ ಕೆನ್ನೆ ಬನ್ ಆಗೋಗಿದೆ. ಹಳೇ ಫೋಟೋ ಪಕ್ಕ ನಿಂತ್ರೆ ನಾನೇ ಅಲ್ಲ."
ಕಾಫಿ ಲೋಟ ಹಾಗೇ ಇಟ್ಟೆ. ಸಾಫ್ಟ್‌ವೇರ್ ಹೊಂದಿಸುವುದು ಇಡೀ ತಲೆಯನ್ನು — ಕೆನ್ನೆ, ಗಲ್ಲ ಎಲ್ಲ ಸೇರಿಸಿ! ಊದಿದ ಕೆನ್ನೆಯನ್ನು ಹಳೇ ಕೆನ್ನೆಗೆ ಕೂರಿಸಲು ಹೋಗಿ ಮಿದುಳನ್ನೇ ಚೂರು ವಾಲಿಸಿದ್ದರೆ? ಆಗ ಬೆಳೆಯದ ಗಡ್ಡೆಯ ಅಂಚೂ ಬಿಳಿಯಾಗಿಯೇ ಕಾಣುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬೆಳಿಗ್ಗೆ 11
ಸೀನಿಯರ್ ಮೊದಲು ಒಪ್ಪಲಿಲ್ಲ. "ಆಸೆ ಇಟ್ಕೊಂಡು ನೋಡಿದ್ರೆ ಎಲ್ಲಾ ಬೂದುನೇ ಕಾಣುತ್ತಮ್ಮ."
"ನಾನು ಮುಟ್ಟಲ್ಲ ಸರ್. ಮಿದುಳಿನ ಹೊರಗಂಚು ಒಂದ್ಸಲ ನೋಡಿ."
ನೋಡಿದರು. ಅಲ್ಲೂ ಬಿಳಿ ಗೆರೆ, ಉದ್ದಕ್ಕೂ! ಇಡೀ ಮಿದುಳೇ ಸರಿದು ಕೂತಿದೆ. ಇಷ್ಟು ದಿನ ಎಲ್ಲರ ಕಣ್ಣೂ ಗಡ್ಡೆಯ ಮೇಲೇ. ಕನ್ನಡಕ ಒರೆಸಿಕೊಂಡರು. ಎರಡೂ ಚಿತ್ರಗಳಿಂದ ಚರ್ಮ, ಮುಖ, ಮೂಳೆ ಎಲ್ಲ ಅಳಿಸಿ, ಮಿದುಳಿಗೆ ಮಿದುಳನ್ನೇ ಹೊಂದಿಸಿದರು. ನಾನು ಕಿಟಕಿ ಕಡೆ ತಿರುಗಿ ನಿಂತಿದ್ದೆ.
"ಬಾಮ್ಮ ಇಲ್ಲಿ."
ಬೂದು. ಗಡ್ಡೆಯ ಸುತ್ತಲೂ ಬೂದು. ಅಷ್ಟು ಚೆಂದದ ಬಣ್ಣ ನಾನು ನೋಡೇ ಇಲ್ಲ.

ಸಂಜೆ
ಡಾಕ್ಟರ್ ಎರಡು ಸಲ ಪರೀಕ್ಷಿಸಿದರು. ಬೆಳೆದಿಲ್ಲ. ಆಪರೇಷನ್ ಬೇಡ, ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್. ಗಡ್ಡೆ ಹೋಗಿಲ್ಲ, ಗೊತ್ತು. ಆದರೂ ಇವತ್ತು ಹೊಟ್ಟೆತುಂಬ ಉಂಡೆವು. ಭಾವ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದರು. ಅಕ್ಕನಿಗೆ ಮಾತ್ರ ಒಂದೇ ಚಿಂತೆ: "ಅಂದ್ರೆ ಎಲ್ಲಾ ನನ್ನ ಕೆನ್ನೆದೇ ಕಿತಾಪತಿನಾ?"
ಈಗ ಹೊಸ ಬಾಚಣಿಗೆ ಹಿಡಿದು ಕೂಗುತ್ತಿದ್ದಾಳೆ. "ಬಾರೇ, ಗಾಯದ ಹತ್ರಾನೂ ಕೂದಲು ಬಂದಿದೆ! ಬೈತಲೆ ತೆಗಿ, ನೆಟ್ಟಗೆ ಬರ್ಬೇಕು!"
ಬಂದೆ ಕಣೇ, ಬಂ—