ಕಾರಿನ ನೆತ್ತಿಗೆ ಎರಡು ತಟ್ಟು

ಸೋಮವಾರ, ಅಂಗಡಿ ತೆರೆಯುವ ಮೊದಲು

ನನ್ನ ಕೋಪಿಷ್ಠ ಮಗಳೇ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದುಹಾಕಬೇಡ, ಇದರಲ್ಲಿ ಬುದ್ಧಿಮಾತಿಲ್ಲ. ನಿನ್ನೆಯ ರೇಸಿನಲ್ಲಿ ನಾವು ಗೆದ್ದೆವು. ಕಾರು ಓಡಿಸಿದ್ದು ನಾನು! ಹೌದು, ನಿನ್ನಮ್ಮನೇ. ನಕ್ಕು ಮುಗಿಸಿ ಮುಂದೆ ಓದು.

ನೀನು ಕೈಯಾರೆ ಇಂಜಿನ್ ಕಟ್ಟಿದ ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಹೊದ್ದು ಮಲಗಿತ್ತು. ನೋಡಿದಾಗಲೆಲ್ಲ ಧೂಳು ಒರೆಸಿ ಬರುತ್ತಿದ್ದೆ. ನಿನ್ನಪ್ಪ ಕ್ಷೌರದಂಗಡಿಯಲ್ಲಿ ಎಷ್ಟೇ ತಲೆ ಬೋಳಿಸಿದ್ದರೂ ಕ್ಲಚ್ ಕಂಡರೆ ನಡುಗುತ್ತಾರೆ. ನನ್ನ ತಮ್ಮ, ನಿನ್ನ ವೆಲ್ಡಿಂಗ್ ಮಾಮ, ಅವನ ಹೊಟ್ಟೆ ಆ ಸೀಟಿನಲ್ಲಿ ಹಿಡಿಸುವುದಿಲ್ಲ. ಉಳಿದವಳು ನಾನು. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲಿದು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಹೋದ ವರ್ಷದ ರೇಸಿನಲ್ಲಿ ನೀನು ಓಡಿಸುವಾಗ ಕಾರು ಅರ್ಧ ದಾರಿಯಲ್ಲಿ ಕೆಮ್ಮಿ ನಿಂತಿತಲ್ಲ, ಸೀಟಿನ ಪಕ್ಕದ ಪೆಟ್ರೋಲ್ ಟ್ಯಾಪ್ ಮುಚ್ಚಿದೆಯೆಂದು ನೀನು ಎಲ್ಲರೆದುರು ಮಾಮನ ಮೇಲೆ ಹರಿಹಾಯ್ದೆಯಲ್ಲ, ಅವನು ತುಟಿಪಿಟಕ್ಕೆನ್ನಲಿಲ್ಲ. ನೀನು ಅದೇ ವಾರ ಊರು ಬಿಟ್ಟೆ. ಅವನು ಒಂದು ನಿಯಮ ಮಾಡಿದ. ತನ್ನ ಕೆಲಸವನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆ ಕಾರಿನ ನೆತ್ತಿಗೆ ತಟ್ಟಬೇಕು. ಚಕ್ರಕ್ಕೆ ಅಪ್ಪನದೊಂದು, ಪೆಟ್ರೋಲಿಗೆ ಅವನದೊಂದು. ಎರಡೂ ಕೇಳಿಸದೆ ನಾನು ಗೇರು ಹಾಕುವ ಹಾಗಿಲ್ಲ.

ನಿನ್ನೆ ನನ್ನ ಸರದಿ ಬಂತು. ಪಕ್ಕದ ಸಾಲಿನಲ್ಲಿ ಮಿರಮಿರ ಮಿಂಚುವ ಕಾರು, ಒಳಗೆ ಹಲ್ಲಿನ ಡಾಕ್ಟರು. ಅಪ್ಪ ತಟ್ಟಿದರು. ಎರಡನೆಯದು ಇಲ್ಲ. ಮುಂದೆ ಬನ್ನಿ ಎಂದು ಬಾವುಟದವನು ಕೂಗುತ್ತಿದ್ದಾನೆ, ಇನ್ನು ಹತ್ತು ಸೆಕೆಂಡಿಗೆ ನಮ್ಮನ್ನು ಹೊರಗೆ ಹಾಕುತ್ತಾರೆ. ನಾನು ಕದಲಲಿಲ್ಲ. ಮಾಮ ಕಿಟಕಿಯಲ್ಲಿ ಕೈ ಇಳಿಬಿಟ್ಟು ಏನನ್ನೋ ತಿರುಗಿಸಿದ. ಟ್ಯಾಪ್ ಮುಚ್ಚಿತ್ತು! ಆಮೇಲೆ ಬಿತ್ತು ನೋಡು ನೆತ್ತಿಗೆ ಏಟು, ನನ್ನ ಹಲ್ಲೆಲ್ಲ ಅದುರಿದವು. ಟ್ಯಾಪ್ ಹೇಗೆ ಮುಚ್ಚಿಕೊಂಡಿತು ಎನ್ನುವುದು ಈಗ ಬೇಡ.

ಹಸಿರು ದೀಪ ಹತ್ತಿತು, ಕಾಲು ತಾನಾಗಿ ಒತ್ತಿತು. ನಾನೂರು ಮೀಟರು ಹೇಗೆ ಹೋಯಿತೋ ಗೊತ್ತಿಲ್ಲ. ಕೂದಲೆಳೆಯಷ್ಟರಲ್ಲಿ ಗೆದ್ದೆವಂತೆ. ಕೂದಲ ಲೆಕ್ಕ ನನಗಿಂತ ಯಾರಿಗೆ ಗೊತ್ತು ಎಂದು ನಿನ್ನಪ್ಪ ಕಂಡಕಂಡವರಿಗೆಲ್ಲ ಹೇಳಿದರು. ಮಾಮ ಮಾತ್ರ ಕಾರಿನ ಹಿಂದೆ ಹೋಗಿ ಮುಖ ಒರೆಸಿಕೊಂಡ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ನನ್ನ ಕಾಲಿನ ಬಗ್ಗೆ ಸ್ವಲ್ಪ, ನಿನ್ನ ಇಂಜಿನ್ ಬಗ್ಗೆ ಬಹಳ, ನನ್ನ ತಮ್ಮನ ಬಗ್ಗೆ ಹೇಳಲಾರದಷ್ಟು.

ಬರುವ ಭಾನುವಾರ ಫೈನಲ್. ನೀನು ಬಂದು ಓಡಿಸಬೇಕು. ಸೀಟಿನ ಮೆತ್ತೆಯನ್ನು ಮತ್ತೆ ನಿನ್ನ ಅಳತೆಗೆ ಹೊಲಿದಿಟ್ಟಿದ್ದೇನೆ.

ಇಂತಿ ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ಅಂಚೆಗೆ ಹಾಕಲು ಹೊರಟವಳು ವಾಪಸು ಬಂದು ಬರೆಯುತ್ತಿದ್ದೇನೆ. ಮನೆ ಬಿಡುವಾಗ ಗ್ಯಾಸ್ ಮುಚ್ಚುವ ಕೈ ನನ್ನದು, ನಿನಗೆ ಗೊತ್ತಲ್ಲ. ನಿನ್ನೆ ಸರದಿಗೆ ಕಾಯುವಾಗ ನೀರು ಕುಡಿಯಲು ಕಾರಿನಿಂದ ಇಳಿದೆ; ಅದೇ ಅಭ್ಯಾಸದಲ್ಲಿ ಟ್ಯಾಪ್ ಮುಚ್ಚಿದ್ದು ನಾನೇ. ಹೋದ ವರ್ಷ ನಿನಗೆ ಮೆತ್ತೆ ಇಟ್ಟು ಇಳಿದಾಗಲೂ ನಾನೇ. ಅಂದು ನಿನ್ನ ಸಿಟ್ಟು ನೋಡಿ ಹೇಳಲು ಬಾಯಿ ಬರಲಿಲ್ಲ, ಆಮೇಲೆ ನಾಚಿಕೆ ಬಿಡಲಿಲ್ಲ. ನಿನ್ನೆ ತಮ್ಮನ ಕೈ ಹಿಡಿದು ಹೇಳಿದೆ. "ಗೊತ್ತಿತ್ತಕ್ಕ. ನಾನು ತೆರೆದಿಟ್ಟ ಮೇಲೆ ಒಳಗೆ ಹೋಗಿದ್ದು ನೀನೊಬ್ಬಳೇ. ಅವಳು ಯಾರನ್ನಾದ್ರೂ ಬೈಲೇಬೇಕಿತ್ತು, ನನ್ನನ್ನೇ ಬೈಲಿ ಅಂದ್ಕೊಂಡೆ" ಎಂದ. ಬಂದವಳು ಮೊದಲು ಮಾಮನ ಹತ್ತಿರ ಹೋಗು, ನನ್ನನ್ನು ಆಮೇಲೆ ಬೈಯುವೆಯಂತೆ. ಭಾನುವಾರದಿಂದ ನೆತ್ತಿಗೆ ಮೂರು ತಟ್ಟು. ಮೂರನೆಯದು ನನ್ನದು, ಟ್ಯಾಪಿನಿಂದ ಕೈ ತೆಗೆದಿದ್ದೇನೆ ಎಂದು ತಿಳಿಸಲು.