ಮೊದಲು ಇಳಿಯುವವಳು

ಡಿಸೆಂಬರ್ ೩, ಮಂಗಳವಾರ

ಬ್ಯಾಟರಿ ಚಾರ್ಜಿಗೆ ಹಚ್ಚಿದೆ. ಲೆನ್ಸ್ ಒರೆಸಿದೆ. ಎರಡು ಚಹಾ ಆಯಿತು. ಸಂಶಿಯಿಂದ ನವಲಗುಂದದ ಈ ಕ್ಯಾಂಪಿಗೆ ಬೈಕಿನಲ್ಲಿ ಬರುವಷ್ಟರಲ್ಲಿ ಮೀಸೆಯೆಲ್ಲ ಇಬ್ಬನಿ.

ಹೋದ ಚಳಿಗಾಲದ್ದೇ ಕೆಲಸ. ವಿಮಾನದಿಂದ ಜಿಗಿಯಲು ಬಂದ ಗಿರಾಕಿಗಳ ವಿಡಿಯೋ ಕತ್ತರಿಸಿ, ಹಾಡು ಕೂಡಿಸಿ, ಅವರ ಊಟ ಮುಗಿಯುವುದರೊಳಗೆ ಕೈಗೆ ಕೊಡುವುದು. ಮಧ್ಯೆ ನೆಲದ ಮೇಲೆ ನಿಂತು ನಾನೂ ಒಂದಿಷ್ಟು ಶೂಟ್ ಮಾಡುವುದು. ಪೆಂಡಾಲಿನಲ್ಲಿ ಲೈಟು ಹಿಡಿಯುವವನಾಗಿ ಶುರು ಮಾಡಿ, ಇಪ್ಪತ್ತೇಳು ವರ್ಷ ಮದುವೆ ವಿಡಿಯೋಗಳನ್ನೇ ತೆಗೆದವನಿಗೆ ಇದೇನು ಹೊಸದಲ್ಲ. ಇಲ್ಲಿಯೂ ಅಳುತ್ತಾರೆ, ನಗುತ್ತಾರೆ, ಎಲ್ಲ ಬಿಗಿದು ಕಟ್ಟಿದ ಮೇಲೆ ಬೇಡ ಎನ್ನುತ್ತಾರೆ.

ನೇತ್ರಾ ವಾಪಸ್ ಬಂದಿದ್ದಾಳೆ. ಮಿಶ್ರಿಕೋಟಿಯ ಹುಡುಗಿ, ಇಲ್ಲಿಯ ಆಕಾಶದ ಕ್ಯಾಮೆರಾದವಳು. ನಡಿಗೆ ಸರಿ ಇದೆ. ಮೆಟ್ಟಿಲು ಇಳಿಯುವಾಗ ಮಾತ್ರ ಬಲಗಾಲು ಒಂದು ಕ್ಷಣ ಯೋಚಿಸುತ್ತದೆ.

“ತೊಡಿಯೊಳಗ ರಾಡ್ ಐತಿ ಕಾಕಾ. ಎಲ್ಲೆ ಚೆಕಿಂಗ್ ಐತಿ ಅಲ್ಲೆ ಮಷೀನು ಕುಂಯ್ ಅಂತೈತಿ.”

“ಹಂಗಾರ ತೂಕದ ಮ್ಯಾಲ ನಿನ್ನ ಬೆಲಿ ಏರೇತಿ ಬಿಡು,” ಎಂದೆ.

ನಕ್ಕಳು. ಹೋದ ಮಾರ್ಚಿನಲ್ಲಿ ಇದೇ ಹೊಲದಲ್ಲಿ ಆ ತೊಡೆ ಮುರಿದ ಸದ್ದು ಕೇಳಿದವನು ನಾನು. ಹಸಿ ಕಟ್ಟಿಗೆ ಮುರಿದ ಹಾಗೆ. ನಗಲು ಸ್ವಲ್ಪ ತಡವಾಯಿತು.

ಡಿಸೆಂಬರ್ ೫

ನಿನ್ನೆ ನೇತ್ರಾಳ ಕೆಲಸ ಏನೆಂದು ಮನೆಯಲ್ಲಿ ಹೆಂಡತಿ ಮಹಾಲಕ್ಷ್ಮಿಗೆ ತಿಳಿಸಿ ಹೇಳಲು ಹೋಗಿ ಸೋತೆ. “ಅಷ್ಟ ಮ್ಯಾಲಿಂದ ಬೀಳಾಕ ಆಕಿಗೆ ಬ್ಯಾರೆ ಕೆಲಸ ಇಲ್ಲೇನು?” ಎಂದು ರೊಟ್ಟಿ ಬಡಿಯಲು ಕುಳಿತಳು. ಇಲ್ಲಿ ಬರೆದು ನೋಡುತ್ತೇನೆ. ಇಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ.

ಗಿರಾಕಿಯನ್ನು ಜಿಗಿತದ ಮಾಸ್ತರನ ಹೊಟ್ಟೆಗೆ ಕಟ್ಟುತ್ತಾರೆ. ಇಬ್ಬರೂ ಒಂದೇ ಗಂಟಾಗಿ ಜಿಗಿಯುತ್ತಾರೆ. ಅವರ ಬಾಜು ನೇತ್ರಾ ಬೀಳುತ್ತಾಳೆ. ಕ್ಯಾಮೆರಾ ಹೆಲ್ಮೆಟ್ಟಿನ ಮೇಲೆ. ತಲೆ ತಿರುಗಿದ ಕಡೆಗೆ ಫ್ರೇಮು. ನಂತರ ಗಿರಾಕಿಯ ದೊಡ್ಡ ಪ್ಯಾರಾಚೂಟ್ ಬಿಚ್ಚುತ್ತದೆ, ಮದುವೆ ಮೆರವಣಿಗೆಯಂತೆ ನಿಧಾನ. ಇವಳದು ಚಿಕ್ಕದು. ಕ್ಯಾಂಟೀನಿನವರು ಅದಕ್ಕೆ ರುಮಾಲು ಎನ್ನುತ್ತಾರೆ. ಚಿಕ್ಕದಾದಷ್ಟೂ ಓಟ ಜಾಸ್ತಿ. ನೆಲ ಹತ್ತಿರ ಬಂದಾಗ ಇವಳು ಗಾಳಿಯಲ್ಲೇ ಗರಕ್ಕನೆ ಒಂದು ತಿರುವು ಹಾಕುತ್ತಾಳೆ. ರುಮಾಲು ನೆಲದ ಕಡೆಗೆ ಧುಮುಕುತ್ತದೆ. ಆ ವೇಗವನ್ನೆಲ್ಲ ಕೂಡಿಟ್ಟುಕೊಂಡು, ಕೊನೆಯ ಗಳಿಗೆಗೆ ಮಟ್ಟಸವಾಗಿ, ನೆಲಕ್ಕೆ ಒಂದು ಗೇಣು ಮೇಲೆ ತೇಲಿಕೊಂಡು ಬಂದು ನಿಲ್ಲುತ್ತಾಳೆ. ಗಿರಾಕಿ ಇಳಿಯುವುದರೊಳಗೆ ಇವಳು ಇಳಿದು, ನಿಂತು, ಅವರು ಇಳಿಯುವುದನ್ನು ಶೂಟ್ ಮಾಡಬೇಕು.

ಇದು ಎಂಥ ಓಟವೆಂದು ಕ್ಯಾಂಪಿನಲ್ಲಿ ಮೊದಲು ತಿಳಿದವನು ನಾನೇ ಇರಬೇಕು. ಮದುಮಗಳು ಬಾಗಿಲು ದಾಟಿದ ಶಾಟ್ ನನಗೆ ಬೇಕು, ಮಂಟಪ ಹತ್ತುವ ಶಾಟೂ ಬೇಕು. ನಡುವೆ ಅಡುಗೆಮನೆಯೊಳಗಿಂದ, ಸಾರಿನ ಕೊಪ್ಪರಿಗೆ ದಾಟಿ ಓಡುತ್ತೇನೆ. ಇವನು ಅಲ್ಲಿಂದ ಇಲ್ಲಿಗೆ ಹೇಗೆ ಬಂದ ಎಂದು ಇಷ್ಟು ವರ್ಷದಲ್ಲಿ ಒಬ್ಬ ಬೀಗನೂ ಕೇಳಿಲ್ಲ. ನೇತ್ರಾಳದೂ ಅದೇ ಓಟ. ಅವಳ ದಾರಿಯಲ್ಲಿ ಅಡುಗೆಮನೆ ಇಲ್ಲ, ಅಷ್ಟೇ.

ಹೋದ ಮಾರ್ಚಿನಲ್ಲಿ ತಿರುವು ತಡವಾಯಿತು. ಮಟ್ಟಸವಾಗುವ ಮೊದಲೇ ನೆಲ ಬಂತು.

ಈಗ ಕ್ಯಾಂಪಿನ ಮುಖ್ಯ ದಾನೀಶ್ ಷರತ್ತು ಹಾಕಿದ್ದಾನೆ. ಹುಬ್ಬಳ್ಳಿಯವ, ಅರ್ಧ ಆಯುಷ್ಯ ಗಾಳಿಯಲ್ಲೇ ಕಳೆದವ. ತಾನು ಸಾಕು ಎನ್ನುವವರೆಗೆ ನೇತ್ರಾ ದೊಡ್ಡ ಪ್ಯಾರಾಚೂಟಿನಲ್ಲಿ ನೇರ ಇಳಿಯಬೇಕು. ಆಮೇಲೆ ರುಮಾಲು, ಕ್ಯಾಮೆರಾ ಇಲ್ಲದೆ. ಕೊನೆಗೆ ಸಂಕ್ರಾಂತಿಯೊಳಗೆ ಒಂದು ಪರೀಕ್ಷೆ: ಕ್ಯಾಮೆರಾ ಹೊತ್ತು, ಗಿರಾಕಿಗಿಂತ ಮೊದಲು ಇಳಿದು, ಲ್ಯಾಂಡಿಂಗ್ ತೆಗೆದು ತೋರಿಸಬೇಕು. ಆಗಲಿಲ್ಲವೋ, ಪುಣೆಯಿಂದ ಸುದೀಪ ಎಂಬವ ಬರುತ್ತಾನೆ. ಮಾತಾಗಿದೆ.

“ಭಾಳ ಬಿಗಿ ಹಿಡದೀರಿ,” ಎಂದೆ.

“ನನಗ ನೇತ್ರಾ ಬೇಕ್ರಿ ಸುಭಾಸಣ್ಣ,” ಎಂದ ದಾನೀಶ್. “ಆದ್ರ ಇಡೀ ನೇತ್ರಾ ಬೇಕು.”

ಡಿಸೆಂಬರ್ ೧೧

ದೊಡ್ಡದರಲ್ಲಿ ನೇರ ಇಳಿಯುತ್ತಲೇ ಇದ್ದಾಳೆ. ವಯಸ್ಸಾದವರು ಕಟ್ಟೆಯ ಮೇಲೆ ಕೂತಂತೆ. ಓಟದ ಎತ್ತಿಗೆ ಗಾಣ ಕಟ್ಟಿದ ಹಾಗಾಗಿರಬೇಕು. ಆದರೂ ಗೊಣಗದೆ ಮತ್ತೆ ಹತ್ತುತ್ತಾಳೆ. ಪ್ರತಿ ಇಳಿತವನ್ನೂ ನಾನು ನೆಲದಿಂದ ತೆಗೆಯುತ್ತೇನೆ. ಸಂಜೆ ಕೂತು ನೋಡುತ್ತೇವೆ. ನಾನು ಕಾಲು ನೋಡುತ್ತಿದ್ದೆ.

“ಕಾಲ ಬಿಡ್ರಿ. ತಲಿ ನೋಡ್ರಿ ಕಾಕಾ. ತಲಿ ಎತ್ತಾಗ ಐತಿ?”

ಮಾರ್ಚಿನದನ್ನೂ ತಾನೇ ಹಚ್ಚಿಸಿದಳು. ನಾನಾದರೆ ಹಚ್ಚುತ್ತಿರಲಿಲ್ಲ. ತಿರುವಿನ ಹೊತ್ತಿನಲ್ಲಿ ಅವಳ ಹೆಲ್ಮೆಟ್ಟು ಗಿರಾಕಿಯ ಕಡೆಗಿದೆ. ಹಿಂದೆ ಬಿಸಿಲು, ಕೆಂಪು ಪ್ಯಾರಾಚೂಟು... ಯಾರಾದರೂ ನೋಡುವಂಥದ್ದೇ.

“ಫ್ರೇಮ್ ಅಗದಿ ಚಂದ ಕುಂತಿತ್ತು. ಬಿಡಾಕ ಮನಸ್ಸಾಗಲಿಲ್ಲ. ನೆಲಾ ಮರತೆ.”

ನಾನು ನನ್ನ ಕಾಯಿದೆ ಹೇಳಿದೆ. ಅಕ್ಕಿಕಾಳು ಬೀಳುವವರೆಗೆ ಕ್ಯಾಮೆರಾದಿಂದ ಕಣ್ಣು ತೆಗೆಯಬಾರದು. ಪೆಂಡಾಲಿಗೆ ಬೆಂಕಿ ಬಿದ್ದಾಗಲೂ ತಾಳಿ ಕಟ್ಟಿದ್ದನ್ನು ಶೂಟ್ ಮಾಡಿದವನು ನಾನು. ಇವತ್ತಿನವರೆಗೆ ಒಂದು ತಾಳಿ ತಪ್ಪಿಸಿಲ್ಲ.

“ನಿಮ್ಮ ಮಂಟಪ ನಿಮ್ಮ ಮೈಮ್ಯಾಲೆ ಎದ್ದ ಬರೂದಿಲ್ಲಲ್ಲ ಕಾಕಾ,” ಎಂದಳು.

ತಾರೀಖು ಹಾಕಿ ಬರೆದಿಡುವಂಥ ಮಾತು. ಬರೆದಿಟ್ಟೆ.

ಡಿಸೆಂಬರ್ ೧೯, ಸಂಜೆ

ರುಮಾಲು ಕೊಟ್ಟರು.

ಹೊಂಡದ ದಂಡೆಯ ಮೇಲೆ ನಿಂತಿದ್ದೆ. ಕ್ಯಾಂಪಿನ ಅಂಚಿಗೆ ಒಂದು ಕೃಷಿ ಹೊಂಡ. ತಿರುವಿನ ನಂತರ ಅದರ ಮೇಲಿಂದಲೇ ಬರುತ್ತಾರೆ, ತಪ್ಪಿದರೆ ನೀರಾದರೂ ಇರಲಿ ಎಂದು. ಮೇಲೆ ಒಂದು ಹಳದಿ ಚುಕ್ಕೆ. ಸದ್ದಿಲ್ಲ. ಚುಕ್ಕೆ ಓರೆಯಾಯಿತು, ಸುತ್ತಿತು, ಬಿತ್ತು... ಬಿದ್ದೇಬಿಟ್ಟಳು ಅಂದುಕೊಂಡೆ. ಆಮೇಲೆ ಸದ್ದು. ಅಂಗಡಿಯಲ್ಲಿ ಹೊಸ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿಯುತ್ತಾರಲ್ಲ, ಹಾಗೆ. ಹೊಂಡದ ಆ ದಂಡೆಗೆ ಕಂಡಳು, ಈ ದಂಡೆಗೆ ಬಂದಾಗಿತ್ತು. ಬೂಟಿನ ತುದಿ ನೀರಿಗೆ ಒಂದು ಗೆರೆ ಕೊರೆದಿತ್ತು. ಅವಳು ಆಚೆ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ನಿಂತ ಮೇಲೂ ಗೆರೆ ನೀರಿನ ಮೇಲೆ ಇತ್ತು.

ಹೊಗೆ ಬಿಟ್ಟು, ಬಣ್ಣದ ಪಟಾಕಿ ಹಾರಿಸಿ ಎಷ್ಟು ಮದುಮಕ್ಕಳನ್ನು ಒಳಗೆ ಕರೆತಂದಿದ್ದೇನೆ. ಹೊಗೆಯ ಖರ್ಚು ದಂಡ.

ವ್ಯಾಪಾರದ ಮನುಷ್ಯ ನಾನು, ಯಾವುದನ್ನು ಕಂಡರೂ ಮೊದಲು ಅದು ಎಷ್ಟಕ್ಕೆ ಹೋಗುತ್ತದೆ ಎನ್ನುತ್ತದೆ ಬುದ್ಧಿ. ಇವತ್ತು ಅದು ಸುಮ್ಮನಿತ್ತು. ಊಟಕ್ಕೆ ಕೂತ ಮೇಲೆ ನೆನಪಾಯಿತು, ಕೇಳಲೇ ಇಲ್ಲವಲ್ಲ ಎಂದು.

ಡಿಸೆಂಬರ್ ೩೦, ಎಳ್ಳಮಾಸಿ

ವಿಮಾನ ಏರಲಿಲ್ಲ. ಅಮಾವಾಸ್ಯೆಯ ಪೂಜೆಗೆ ಹೊಲಹೊಲದಲ್ಲೂ ಜನ, ಬುತ್ತಿ, ಟ್ರ್ಯಾಕ್ಟರು. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವವರ ತಲೆಯ ಮೇಲೆ ಇಳಿಯಲಾಗುತ್ತದೆಯೇ.

ನೇತ್ರಾಳ ತಾಯಿ ಅನ್ನವ್ವ ಮಿಶ್ರಿಕೋಟಿಯಿಂದ ಎರಡು ಬಸ್ಸು ಬದಲಿಸಿ ಬುಟ್ಟಿ ಹೊತ್ತು ಬಂದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಮಗಳ ಕೆಲಸದ ಜಾಗಕ್ಕೆ ಬಂದದ್ದು ಇದೇ ಮೊದಲು. ಊಟಕ್ಕೆ ಮುಂಚೆ ರುಮಾಲನ್ನು ಹಾಸಿಸಿದಳು. ಬೆರಳಲ್ಲಿ ತಿಕ್ಕಿ ನೋಡಿದಳು.

“ಇಷ್ಟ ತೆಳ್ಳಗ? ಇದನ್ನ ನಂಬಿ ಜಿಗೀತಿ ಏನಬೇ?”

“ಹೌದವ್ವ.”

“ನಿಮ್ಮಪ್ಪನ್ನ ನಂಬಿದ್ದಕ್ಕಿಂತ ವಾಸಿ ಬಿಡು.”

ದಾನೀಶ್ ಮೂರನೆಯ ಹೋಳಿಗೆಯಲ್ಲಿದ್ದ. ಅನ್ನವ್ವ ಅವನ ಎಲೆಗೆ ತುಪ್ಪ ಹಾಕುತ್ತ ಹೇಳಿದಳು, “ನನಗೂ ಒಮ್ಮೆ ಕಟ್ರಿ ಸಾಹೇಬ್ರ. ನನ್ನ ಮಗಳ ಕಾಲ ಮುರದದ್ದು ಏನಂತ ನೋಡಬೇಕು.”

“ಅಂಜಿಕಿ ಆಗೂದಿಲ್ಲೇನ್ರಿ?”

“ಹುಣಸಿಗಿಡದ ತುದಿ ಮುಟ್ಟಿ ಹಣ್ಣ ಬಡದಾಕಿ ನಾ. ಅದಕ್ಕ ಯಾರೂ ನನ್ನ ಕಟ್ಟಿದ್ದಿಲ್ಲ.”

ನೇತ್ರಾ ಉಣ್ಣುವುದನ್ನು ನಿಲ್ಲಿಸಿದ್ದಳು. “ಅವ್ವ ಜಿಗದ್ರ ನಾನ ಶೂಟ್ ಮಾಡಾಕಿ,” ಎಂದಳು.

ದಾನೀಶ್ ಕೈ ತೊಳೆದು ಬಂದು ಹೇಳಿದ, “ಹಂಗಾರ ಅದ ನಿನ್ನ ಪರೀಕ್ಷೆ.”

ತುಪ್ಪ ತಿಂದವನು ಹೀಗೆ ಹೇಳಬಾರದು ಎನ್ನಿಸಿತು. ಆದರೆ ಲೆಕ್ಕ ಸರಿ. ಎಲ್ಲಿ ಕಣ್ಣು ಜಾರುತ್ತದೋ ಅಲ್ಲೇ ಅಲ್ಲವೇ ನೋಡಬೇಕಾದ್ದು.

ಜನವರಿ ೭, ಮಂಗಳವಾರ. ಮಧ್ಯಾಹ್ನ

ಊಟ ಆಮೇಲೆ. ಮೊದಲು ಬರೆಯುತ್ತೇನೆ.

ಬೆಳಿಗ್ಗೆ ಮೊದಲ ಸರದಿ. ಅನ್ನವ್ವ ಸೀರೆ ಬಿಟ್ಟು ಪ್ಯಾಂಟು ಹಾಕಿದಳು. ಹಸಿರು ಬಳೆ ಮಾತ್ರ ತೆಗೆಯಲಿಲ್ಲ. ಮೇಲೆ ಟೇಪು ಸುತ್ತಿದರು.

“ಯಜಮಾನರಿಗೆ ಹೇಳೀರೇನ್ರಿ?” ಎಂದೆ.

“ದವಾಖಾನಿಗೆ ಹೋಗತೇನಿ ಅಂದೇನಿ. ಮುಂಗಡ ಹೇಳಿಟ್ಟಂಗಾತು.”

ದಾನೀಶ್ ತಾನೇ ಅವಳನ್ನು ಹೊಟ್ಟೆಗೆ ಕಟ್ಟಿಕೊಂಡ. ನೇತ್ರಾ ಹೆಲ್ಮೆಟ್ಟಿನ ಕ್ಯಾಮೆರಾ ಎರಡು ಸಲ ಮುಟ್ಟಿ ನೋಡಿಕೊಂಡು ಕೊನೆಗೆ ಹತ್ತಿದಳು. ನಾನು ಹೊಂಡದ ದಂಡೆಗೆ.

ಮೇಲೆ ಅನ್ನವ್ವನ ಕೆಂಪು ಬಿಚ್ಚಿತು. ಅದರ ಕೆಳಗೆ ನೇತ್ರಾಳ ಹಳದಿ. ಹಳದಿ ಬೇಗ ಇಳಿಯುತ್ತಿತ್ತು, ಎಲ್ಲ ಸರಿ. ಹೊಂಡದ ಸಾಲಿಗೆ ಬಂದಳು. ತಿರುಗುವ ಜಾಗಕ್ಕೆ ಬಂದಳು.

ತಿರುಗಲಿಲ್ಲ.

ಒಂದು ಉಸಿರಿನಷ್ಟು ಹೊತ್ತು ಕಾದೆ. ಹಳದಿ ನೇರವಾಗಿ, ಮೆತ್ತಗೆ, ಬಿನ್ನಹದ ಊಟಕ್ಕೆ ಹೊರಟ ಸ್ವಾಮಿಗಳಂತೆ ಬರುತ್ತಲೇ ಇತ್ತು. ನನ್ನ ತಲೆಯ ಮೇಲಿಂದ ಹೋಯಿತು. ಬೇಲಿ ದಾಟಿತು. ಬಾಜು ಹೊಲದ ಕಡಲೆಯಲ್ಲಿ ಕೂತಿತು. ಅಷ್ಟರಲ್ಲಿ ಹಿಂದೆ ಅನ್ನವ್ವನ ನಗು. ಹುಲ್ಲಿನ ಮೇಲೆ ಜಾರಿ ಇಳಿದು, ಕಾಲು ಚಾಚಿ ಕೂತು, ಟೇಪಿನ ಕೈ ಎತ್ತಿ ನಗುತ್ತಿದ್ದಳು.

ಅದನ್ನು ತೆಗೆಯಬೇಕಾದವಳು ಕಡಲೆ ಹೊಲದಲ್ಲಿ. ತೆಗೆಯಬಹುದಾಗಿದ್ದವನು ನಾನು. ನನ್ನ ಕ್ಯಾಮೆರಾ ಇನ್ನೂ ಕಡಲೆ ಹೊಲದ ಕಡೆಗೇ ಇತ್ತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ತಾಳಿ ತಪ್ಪಿತು.

ನೇತ್ರಾ ರುಮಾಲನ್ನು ಹೆಗಲ ಮೇಲೆ ಹೊತ್ತು ನಡೆದು ಬಂದಳು. ಇಬ್ಬನಿಯಲ್ಲಿ ನೆನೆದು ತೊಟ್ಟಿಕ್ಕುತ್ತಿತ್ತು.

“ಯಾಕ ತಿರಗಲಿಲ್ಲ?” ದಾನೀಶ್ ಬಕಲು ಬಿಚ್ಚುತ್ತಲೇ ಕೇಳಿದ.

“ಅವ್ವನ್ನ ನೋಡಿದೆ. ಒಂದ ಸಲ. ಅಷ್ಟರಾಗ ಕೆಳಗ ಬಂದಿದ್ದೆ.”

“ಎಷ್ಟ ಕೆಳಗ?”

“ನೂರಡಿ ಇರಬಹುದು. ತಿರಗಿದ್ರ ಆಗತಿತ್ತೇನೋ.”

“ಆಗತಿತ್ತೇನೋ?”

“ಹ್ಞೂ. ಅದಕ್ಕ ಬಿಟ್ಟೆ.”

ಅವಳು ನೆಪ ಹೇಳಲಿಲ್ಲ. ಗಾಳಿ ಎನ್ನಬಹುದಿತ್ತು. ನಾನಾದರೆ ಗಾಳಿಯ ಮೇಲೆ ಅರ್ಧ ತಾಸು ಮಾತಾಡುತ್ತಿದ್ದೆ.

ಅನ್ನವ್ವ ಎದ್ದು ಬಂದು ರುಮಾಲಿನ ಅಂಚು ಹಿಡಿದಳು. ಬೆರಳು ಮೂಸಿದಳು. ನಾಲಿಗೆಗೆ ಹಚ್ಚಿದಳು.

“ಅಯ್ಯ, ಕಡ್ಲಿ ಹುಳಿ. ಹಿಂಡ್ರಿ, ಒಂದ ಬಾಟ್ಲಿ ತುಂಬತೈತಿ. ಹೊಟ್ಟಿನೋವಿಗೆ ಇದಕ್ಕಿಂತ ಮದ್ದಿಲ್ಲ.”

ನಸುಕಿನಲ್ಲಿ ಕಡಲೆಯ ಮೇಲೆ ಬಿಳಿ ಪಂಚೆ ಹಾಸಿ ಎಲೆಯಿಂದ ಇಬ್ಬನಿಗೆ ಇಳಿದ ಈ ಹುಳಿ ಹಿಂಡಿಡುವುದು ನಮ್ಮ ಕಡೆಯ ಮಂದಿಗೆಲ್ಲ ಗೊತ್ತು. ಪಂಚೆಯ ಬದಲು ಪ್ಯಾರಾಚೂಟು ಹಾಸಿದವಳು ಇವಳೇ ಮೊದಲು. ದಾನೀಶ್ ರುಮಾಲನ್ನು ಕಸಿದುಕೊಂಡ. ಹುಳಿ ಆ ಬಟ್ಟೆಯನ್ನು ತಿನ್ನುತ್ತದಂತೆ. ಅವನೂ ನೇತ್ರಾಳೂ ರುಮಾಲು ಹೊತ್ತು ನೀರಿನ ಟ್ಯಾಂಕಿನ ಕಡೆ ಓಡಿದರು.

ಅನ್ನವ್ವ ನನ್ನ ಬಾಜು ಕೂತಳು. “ನಾ ಇಳದದ್ದು ತೋರಸ್ರಿ.”

“ಇಲ್ರಿ ಅಕ್ಕಾರ.”

“ಆಕಿ ತಗದಿಲ್ಲ. ನೀವು?”

“ನಾನೂ ಇಲ್ರಿ.”

“ಎರಡ ಕ್ಯಾಮೆರಾ ಇಟಗೊಂಡು ನನ್ನೊಬ್ಬಾಕಿನ್ನ ಹಿಡೀಲಿಕ್ಕಾಗಲಿಲ್ಲ,” ಎಂದು ಟೇಪು ಬಿಚ್ಚಿಕೊಂಡಳು. ಒಂದು ಬಳೆಯೂ ಒಡೆದಿರಲಿಲ್ಲ.

ನನ್ನ ಕ್ಯಾಮೆರಾದಲ್ಲಿ ಇರುವುದು ಇಷ್ಟು: ಒಂದು ಹಳದಿ ಪ್ಯಾರಾಚೂಟು ತಿರುಗಬೇಕಾದಲ್ಲಿ ತಿರುಗದೆ ನೇರ ಹೋಗುತ್ತದೆ. ಬೇರೆ ಏನೂ ಆಗುವುದಿಲ್ಲ. ಅಳಿಸಿಲ್ಲ.

ಜನವರಿ ೧೧

ಮೂರು ದಿನ ಬರೆಯಲು ಮನಸ್ಸಾಗಲಿಲ್ಲ. ರುಮಾಲನ್ನು ಮತ್ತೆ ಮತ್ತೆ ತೊಳೆದು ನೆರಳಿಗೆ ಹಾಕಿದ್ದಾರೆ. ದಾನೀಶ್ ಗೇಣುಗೇಣು ಹಿಡಿದು ಬೆಳಕಿಗೆ ನೋಡುತ್ತಾನೆ. ನೇತ್ರಾ ಬ್ಯಾಗು ತುಂಬಿಟ್ಟಿದ್ದಾಳೆ. ತಾನಾಗಿ ಕೇಳುವವಳಲ್ಲ. ನಾನು ಕೇಳುವವನು.

“ಸುದೀಪಗ ಫೋನ್ ಮಾಡಿದೆ,” ಎಂದ ದಾನೀಶ್.

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. “ಏನಂತ?”

“ಬರಬ್ಯಾಡ ಅಂತ.”

“ಪರೀಕ್ಷೆ ಆಗಲಿಲ್ಲಲ್ಲ?”

“ಆಗಿಲ್ಲ. ಸೋಮವಾರ ಮತ್ತ ಕೊಡ್ತೇನಿ. ಆವತ್ತ ಅಷ್ಟ ಕೆಳಗ ತಿರಗಿದ್ರ ಕೊಡತಿದ್ದಿಲ್ಲ.”

ಓಡಿಹೋಗಿ ನೇತ್ರಾಳಿಗೆ ಹೇಳಿದೆ. ಬ್ಯಾಗಿನಿಂದ ಹೆಲ್ಮೆಟ್ಟು ತೆಗೆದಳು. ಮಾತಿನ ಪಾಲು ನನ್ನದೇ ಇರಬೇಕು ಈ ಜೋಡಿಯಲ್ಲಿ.

ಜನವರಿ ೧೩, ಸೋಮವಾರ. ಬೆಳಿಗ್ಗೆ, ಹೊಂಡದ ದಂಡೆ

ವಿಮಾನ ಏರಿದೆ. ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ.

ಮತ್ತೆ ಅನ್ನವ್ವನೇ. ಬೇರೆ ಗಿರಾಕಿಯನ್ನು ಕೊಡುತ್ತೇನೆಂದ ದಾನೀಶ್. ನೇತ್ರಾ ಬೇಡ ಎಂದಳು, ಅವ್ವನೇ ಇರಲಿ. ಮನೆಯಲ್ಲಿ ಏನು ಹೇಳಿ ಬಂದಿರಿ ಎಂದು ಅನ್ನವ್ವನನ್ನು ಕೇಳಿದೆ. “ಖರೇನ ಹೇಳಿದೆ. ನಂಬಲಿಲ್ಲ.”

ನೇತ್ರಾ ಹತ್ತುವಾಗ ಹೇಳಿದೆ, ನೀನು ನೆಲ ನೋಡು, ನಿನ್ನವ್ವ ನನಗಿರಲಿ. ಈ ಸಲ ಎರಡು ಕ್ಯಾಮೆರಾ ತಂದಿದ್ದೇನೆ. ಒಂದು ಸ್ಟ್ಯಾಂಡಿನ ಮೇಲೆ, ಹುಲ್ಲಿನ ಕಡೆಗೆ, ಆಗಲೇ ಓಡುತ್ತಿದೆ. ಇನ್ನೊಂದು ತೊಡೆಯ ಮೇಲೆ. “ಅವ್ವ ನನಗ ಇರಲಿ ಕಾಕಾ,” ಎಂದಳು ನೇತ್ರಾ. “ಮೊದಲ ನೆಲಾ. ಆಮ್ಯಾಲ ಅವ್ವ.”

ಕಡಲೆ ಹೊಲದ ಮೇಲೆ ಮಂಜು ಕರಗುತ್ತಿದೆ. ಹೊಂಡದ ನೀರು ಅಲುಗುತ್ತಿಲ್ಲ.

ಕೆಂಪು ಬಿಚ್ಚಿತು.

ಹಳದಿ. ಬಿಚ್ಚಿತು.

ಬರುತ್ತಿದ್ದಾಳೆ. ಲೆನ್ಸಿನಲ್ಲಿ ಎಳೆದು ನೋಡಿದೆ. ಹೆಲ್ಮೆಟ್ಟು ಕೆಳಗೇ ಇದೆ, ನೆಲದ ಕಡೆಗೆ. ಕೆಂಪು ಅವಳ ಬಲಕ್ಕೆ, ಬಿಸಿಲಿನಲ್ಲಿ, ಅಗದಿ ಚಂದ. ನೋಡಲಿಲ್ಲ. ಹೊಂಡದ ಸಾಲಿಗೆ ಬಂದಳು. ಇನ್ನೂ ಎತ್ತರ ಇದೆ. ಇದೆ... ತಿರುಗಿದಳು. ಪೆನ್ನು ಇಡುತ್ತೇನೆ, ಕ್ಯಾಮೆರಾ ಎತ್ತಬೇಕು.