ಮಂಜು ಹಿಡಿಯದ ಕನ್ನಡಕ

ಅಕ್ಕನಿಗೆ,

ಸೋಮವಾರದಿಂದ ನನ್ನ ಕೆಲಸ ಕೋಲ್ಡ್ ಸ್ಟೋರೇಜಿನ ಹಿಂದಿನ ಕೋಣೆಯಲ್ಲಿ. ಸೂಪರ್‌ವೈಸರ್ ನಿನ್ನೆ ಮಧ್ಯಾಹ್ನ ಎಲ್ಲರೆದುರು ಹೇಳಿದರು. ಅಲ್ಲಿ ಒಬ್ಬರೇ ಇರಬೇಕಾದ್ದರಿಂದ, ಕನ್ನಡಕಕ್ಕೆ ಮಂಜು ಹಿಡಿಯುವವರನ್ನು ಕಳಿಸುವುದಿಲ್ಲ. ನೀನು ಹೆಣೆದ ಉಣ್ಣೆಯ ಮುಖಗವಸು ಚೆನ್ನಾಗಿದೆ. ಮೂಗಿನ ಮೇಲೆ ಹೊಲಿದ ತಂತಿ ಬಿಗಿಯಾಗಿ ಕೂರುತ್ತದೆ, ಉಸಿರು ಗಲ್ಲದ ಕೆಳಗಿಂದ ಹೋಗುತ್ತದೆ. ಈ ವಾರ ನನ್ನ ಕನ್ನಡಕಕ್ಕೆ ಒಮ್ಮೆಯೂ ಮಂಜು ಹಿಡಿಯಲಿಲ್ಲ, ಅದಕ್ಕೇ ನನ್ನನ್ನು ಆರಿಸಿದರು.

ಇಲ್ಲೊಂದು ಪದ್ಧತಿ ಇದೆ. ಕನ್ನಡಕ ಮಸುಕಾದವರು ನಿಂತಲ್ಲೇ ಕೈ ಎತ್ತಬೇಕು. ಹತ್ತಿರವಿದ್ದವರು ಬಂದು ಬಾಗಿಲವರೆಗೆ ಕರೆದೊಯ್ಯಬೇಕು. ನನ್ನ ಬಳಿಗೆ ಬರುತ್ತಿದ್ದವರು ಪೆಟ್ಟಿಗೆ ಜೋಡಿಸುವ ಹಿರಿಯರು. ಎಲ್ಲರೂ ಅವರನ್ನು ಮಾವ ಎನ್ನುತ್ತಾರೆ. "ಬಾ ತಾಯಿ, ದಿಬ್ಬಣ ಹೊರಡಲಿ" ಎಂದು ಮೊಣಕೈ ಹಿಡಿಯುತ್ತಿದ್ದರು. ಬಾಗಿಲು ಬರುವಷ್ಟರಲ್ಲಿ ಊಟ ಆಯ್ತಾ, ನಿದ್ದೆ ಬಂತಾ ಎಂದು ಕೇಳಿ ಮುಗಿಸುತ್ತಿದ್ದರು. ಈ ಊರಿನಲ್ಲಿ ನನ್ನನ್ನು ಹಾಗೆ ಕೇಳುವವರು ಬೇರೆ ಯಾರೂ ಇಲ್ಲ. ಗವಸು ಬಂದ ಮೇಲೆ ಮಾವನೂ ಬಂದಿರಲಿಲ್ಲ. ಅವರ ತಪ್ಪೇನಿಲ್ಲ, ನಾನು ಕೈ ಎತ್ತಿರಲಿಲ್ಲ.

ನಿನ್ನೆ ಕೆಲಸ ಮುಗಿಯುವ ಹೊತ್ತಿಗೆ, ಎಲ್ಲ ನಿಚ್ಚಳವಾಗಿ ಕಾಣುತ್ತಿದ್ದರೂ, ನಿಂತು ಕೈ ಎತ್ತಿದೆ. ಮಾವ ಬಂದರು. ನನ್ನ ಕನ್ನಡಕವನ್ನು ಸ್ವಲ್ಪ ಹೊತ್ತು ನೋಡಿದರು.

"ಅಬ್ಬಬ್ಬಾ, ಏನು ಮಂಜು ತಾಯಿ ಇದು! ನಿಧಾನಕ್ಕೆ ಬಾ, ಅವಸರ ಏನೂ ಇಲ್ಲ" ಎಂದು ಮೊಣಕೈ ಹಿಡಿದರು.

ಹಿಂದಿನ ಕೋಣೆಯಲ್ಲಿ ಚಳಿ ಇನ್ನೂ ಹೆಚ್ಚಂತೆ. ಇದನ್ನು ಒಗೆದಾಗ ಹಾಕಿಕೊಳ್ಳಲು ಇನ್ನೊಂದು ಗವಸು ಹೆಣೆದು ಕಳಿಸು. ತಂತಿ ಇದೇ ಅಳತೆಯದು ಇರಲಿ. ಸೋಮವಾರ ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಹೋಗಬೇಕು.

ನಿನ್ನ ತಂಗಿ